ಪುಲಿನಿಯ ಬಿಳಿ ದ್ರಾಕ್ಷಾರಸ ಮತ್ತು ಅದರ ಕೆಳಗಿನ ಮಣ್ಣು
(ಉಪನ್ಯಾಸದ ಪಠ್ಯ)



ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವನ್ನು ಅರಿಯದ ಅಡಿಕೆ ತೋಟಿಗರು ಮಲೆನಾಡಿನಲ್ಲಿ ಸಿಗುವುದು ಕಷ್ಟ. ಆದರೆ ಆ ‘ಬೋರ್ಡೋ’ ಫ್ರಾನ್ಸ್ ದೇಶದ ಒಂದು ಊರಿನ ಹೆಸರೆಂಬುದನ್ನೂ, ಆ ದ್ರಾವಣ ಮೊದಲು ಬಿದ್ದದ್ದು ಅಡಿಕೆ ಗೊನೆಯ ಮೇಲಲ್ಲ, ದ್ರಾಕ್ಷಿ ಎಲೆಯ ಮೇಲೆ ಎಂಬುದನ್ನೂ ನೆನೆಯುವವರು ಕಡಿಮೆ. ಈ ಹೊತ್ತಿನ ವಿಷಯ ಫ್ರಾನ್ಸಿನ ಒಂದು ಬಿಳಿ ದ್ರಾಕ್ಷಾರಸ, ಅಂದರೆ ವೈನ್, ಮತ್ತು ಅದನ್ನು ನಾಲ್ಕು ತಲೆಮಾರುಗಳಿಂದ ತಯಾರಿಸುತ್ತ ಬಂದಿರುವ ಒಂದು ಕುಟುಂಬ. ಮದ್ಯದ ಮಾತು ಇಂಥ ಸಭೆಗೆ ಸಲ್ಲದೆಂದು ಕೆಲವರಿಗೆ ಅನಿಸಬಹುದು. ಕುಡಿತವನ್ನು ಹೊಗಳುವ ಉದ್ದೇಶ ಇಲ್ಲಿಲ್ಲ. ಸ್ವತಃ ಫ್ರಾನ್ಸ್ ದೇಶವೇ 1991ರಲ್ಲಿ ಕಾನೂನು ಮಾಡಿ ಮದ್ಯದ ಜಾಹೀರಾತಿಗೆ ಕಡಿವಾಣ ಹಾಕಿದೆ. ಇಲ್ಲಿ ಗಮನ ಇರಬೇಕಾದದ್ದು ಸೀಸೆಯ ಮೇಲಲ್ಲ, ಬಳ್ಳಿಯ ಬುಡದ ಮೇಲೆ.

ಫ್ರಾನ್ಸಿನ ಪೂರ್ವಭಾಗದಲ್ಲಿ ಬರ್ಗಂಡಿ ಎಂಬ ಸೀಮೆ ಇದೆ. ಅಲ್ಲಿ ದಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಉದ್ದಕ್ಕೆ ತಗ್ಗಾದ ಒಂದು ಗುಡ್ಡಸಾಲು ಹಬ್ಬಿದೆ. ಸಹ್ಯಾದ್ರಿಯನ್ನು ಕಂಡವರ ಕಣ್ಣಿಗೆ ಅದು ಬೆಟ್ಟವೆನಿಸಲಾರದು, ದಿಬ್ಬವೆಂದರೆ ಸಾಕು. ಈ ಸಾಲಿನ ಪೂರ್ವಕ್ಕಿರುವ ಇಳಿಜಾರಿನ ತುಂಬ ದ್ರಾಕ್ಷಿ. ಬೋನ್ ಪಟ್ಟಣವನ್ನು ದಾಟಿ ಮತ್ತಷ್ಟು ದಕ್ಷಿಣಕ್ಕೆ ಹೋದರೆ ಪುಲಿನಿ ಎಂಬ ಚಿಕ್ಕ ಹಳ್ಳಿ. ಆ ಹಳ್ಳಿಯ ಮೇಲಿನ ಇಳಿಜಾರಿನಲ್ಲಿ ಮೋನ್ರಾಶೆ ಎಂಬ ತೋಟ. ಅದರ ವಿಸ್ತೀರ್ಣ ಎಂಟು ಹೆಕ್ಟೇರ್, ಅಂದರೆ ಇಪ್ಪತ್ತು ಎಕರೆ ಮಾತ್ರ. ಹೆಸರಿನ ಅರ್ಥ ‘ಬೋಳುಗುಡ್ಡ’. ಈ ಬೋಳುಗುಡ್ಡದ ಕೀರ್ತಿ ಎಷ್ಟೆಂದರೆ, 1879ರಲ್ಲಿ ಹಳ್ಳಿಯೇ ತನ್ನ ಹೆಸರಿಗೆ ಅದನ್ನು ಜೋಡಿಸಿಕೊಂಡು ಪುಲಿನಿ-ಮೋನ್ರಾಶೆ ಎನಿಸಿಕೊಂಡಿತು.

ಇಲ್ಲಿ ಬೆಳೆಯುವುದು ಶಾರ್ಡನೇ ಎಂಬ ಒಂದೇ ಬಿಳಿ ದ್ರಾಕ್ಷಿ. ತಳಿ ಒಂದೇ, ಹವೆ ಒಂದೇ, ಸಾಲಿನಿಂದ ಸಾಲಿಗೆ ಕೃಷಿಕ್ರಮವೂ ಬಹುತೇಕ ಒಂದೇ. ಆದರೂ ರಸ ಒಂದೇ ಅಲ್ಲ. ಮೋನ್ರಾಶೆಯ ಮೇಲಿನ ಪಟ್ಟಿಗೆ ಶೆವಾಲಿಯೇ ಎಂದು ಹೆಸರು. ಅಲ್ಲಿ ಮಣ್ಣು ತೆಳು, ಸುಣ್ಣಕಲ್ಲಿನ ಹರಳು ಹೆಚ್ಚು, ರಸ ಸಪೂರವಾಗಿ ಚುರುಕಾಗಿರುತ್ತದೆ. ಒಂದು ಕಿರುದಾರಿಯನ್ನು ದಾಟಿ ಕೆಳಗಿಳಿದರೆ ಬಾತಾರ್ ಎಂಬ ಪಟ್ಟಿ. ಮೇಲಿನಿಂದ ಜಾರಿಬಂದ ಜೇಡಿ ಅಲ್ಲಿ ನೆಲೆನಿಂತು ಮಣ್ಣು ಆಳವಾಗಿದೆ, ರಸ ದಪ್ಪವಾಗಿ ತುಂಬಿಕೊಂಡಿರುತ್ತದೆ. ನಡುವಿನ ಎಂಟು ಹೆಕ್ಟೇರಿನಲ್ಲಿ ಎರಡೂ ಗುಣಗಳು ಕೂಡಿಬರುತ್ತವೆ ಎಂಬುದು ಶತಮಾನಗಳ ಅನುಭವದ ತೀರ್ಮಾನ. ಇನ್ನೂ ಕೆಳಗೆ, ಹಳ್ಳಿಯ ಸಮತಟ್ಟು ನೆಲದಲ್ಲಿ, ಬೆಲೆಯೂ ಇಳಿಯುತ್ತದೆ. ಆ ಹಳ್ಳಿಯಲ್ಲಿ ಅಂತರ್ಜಲ ನೆಲಕ್ಕೆ ಎಷ್ಟು ಸಮೀಪವಿದೆಯೆಂದರೆ, ಪೀಪಾಯಿ ಇರಿಸಲು ಆಳವಾದ ನೆಲಮಾಳಿಗೆಗಳನ್ನು ತೋಡುವಂತಿಲ್ಲ. ಬರ್ಗಂಡಿಯ ಇತರ ಹಳ್ಳಿಗಳವರು ನೆಲದಡಿಯಲ್ಲಿ ಮಾಡುವ ಕೆಲಸವನ್ನು ಪುಲಿನಿಯವರು ನೆಲದ ಮೇಲೆಯೇ ಮಾಡುತ್ತಾರೆ.

ಹೀಗೆ ಗೇಣು ಗೇಣಿಗೆ ಗುಣ ಬದಲಾಗುವ ಹೊಲಗಳನ್ನು ಅಲ್ಲಿಯವರು ‘ಕ್ಲಿಮಾ’ ಎಂದು ಕರೆಯುತ್ತಾರೆ. ಇವುಗಳ ಎಲ್ಲೆಗಳನ್ನು ಗುರುತಿಸುವ ಕೆಲಸದಲ್ಲಿ ಕ್ರೈಸ್ತ ಸನ್ಯಾಸಿ ಮಠಗಳ ಪಾಲು ದೊಡ್ಡದು. ಈ ಸೀಮೆಯ ಸಿತೋ ಮಠ 1098ರಲ್ಲಿ ಸ್ಥಾಪನೆಯಾದದ್ದು. ಬರ್ಗಂಡಿಯ ಇಂಥ 1,247 ಹೊಲಗಳ ಸಮುದಾಯವನ್ನು ಯುನೆಸ್ಕೋ 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೊಲವೊಂದಕ್ಕೆ ಹೆಸರಿಡುವುದು ಯಾವ ಸೀಮೆಗೂ ಹೊಸತಲ್ಲ. ಆದರೆ ಹೊಲದ ಹೆಸರನ್ನೇ ಸೀಸೆಯ ಮೇಲೆ ಅಚ್ಚು ಹಾಕಿ, ‘ಬೆಳೆದದ್ದು ಇಂಥ ಮಣ್ಣಿನಲ್ಲಿ’ ಎಂಬುದನ್ನೇ ಬೆಲೆಯ ಆಧಾರವನ್ನಾಗಿ ಮಾಡಿಕೊಂಡವರಿಗೆ ಒಂದು ಹೊಣೆಯೂ ಬರುತ್ತದೆ. ಮಣ್ಣು ಸತ್ತರೆ ಹೆಸರಿಗೆ ಉಳಿಯುವುದೇನು? ಪುಲಿನಿಯ ಲಫ್ಲೇವ್ ಕುಟುಂಬ ಎದುರಿಸಿದ್ದು ಈ ಪ್ರಶ್ನೆಯನ್ನು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಯೂರೋಪಿನ ದ್ರಾಕ್ಷಿಯ ಬೇರುಗಳನ್ನು ಹೀರಿ ತೋಟಗಳನ್ನು ಸರ್ವನಾಶ ಮಾಡಿತು. ಬರ್ಗಂಡಿಯ ಈ ಗುಡ್ಡಸಾಲಿಗೆ ಅದು ಕಾಲಿಟ್ಟದ್ದು 1878ರಲ್ಲಿ. ಕಡೆಗೆ ಪರಿಹಾರವೂ ಅಮೆರಿಕದಿಂದಲೇ ಬಂತು: ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರುಗಿಡದ ಮೇಲೆ ಯೂರೋಪಿನ ಬಳ್ಳಿಯನ್ನು ಕಸಿ ಕಟ್ಟುವುದು. ಆದರೆ ಅಷ್ಟರಲ್ಲಿ ಅನೇಕ ಕುಟುಂಬಗಳು ಕೈಸೋತಿದ್ದವು, ಭೂಮಿ ಅಗ್ಗವಾಗಿತ್ತು. ಆ ಸಂದರ್ಭದಲ್ಲಿ, 1905ರಿಂದ 1925ರ ನಡುವೆ, ಜೋಸೆಫ್ ಲಫ್ಲೇವ್ ಎಂಬವರು ಪುಲಿನಿಯಲ್ಲಿ ತುಂಡುತುಂಡಾಗಿ ಸುಮಾರು 25 ಹೆಕ್ಟೇರ್ ಕೊಂಡರು. ಅವರು ಓದಿದ್ದು ಎಂಜಿನಿಯರಿಂಗ್, ದುಡಿದದ್ದು ಹಡಗು ಕಟ್ಟುವಲ್ಲಿ. ಅನುಭವಿ ಮೇಸ್ತ್ರಿಯೊಬ್ಬರ ನೆರವಿನಿಂದ ಯಾವ ಮಣ್ಣಿಗೆ ಯಾವ ಬೇರುಗಿಡ ಹೊಂದೀತೆಂದು ನೋಡಿ ಮರುನಾಟಿ ಮಾಡಿಸಿದರು.

1953ರಲ್ಲಿ ಜೋಸೆಫ್ ತೀರಿಕೊಂಡರು. ಫ್ರಾನ್ಸಿನ ಕಾನೂನು ಮಕ್ಕಳೆಲ್ಲರಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಡುತ್ತದೆ. ನೆಪೋಲಿಯನ್ನನ ಕಾಲದಿಂದ ಬಂದ ಈ ನ್ಯಾಯ ಸರಿಯಾದುದೇ. ಆದರೆ ಅದರಿಂದ ಬರ್ಗಂಡಿಯ ಹೊಲಗಳು ಚೂರುಚೂರಾದದ್ದೂ ನಿಜ. ಎಂಟು ಹೆಕ್ಟೇರಿನ ಮೋನ್ರಾಶೆಗೆ ಹದಿನೈದಕ್ಕೂ ಹೆಚ್ಚು ಒಡೆಯರಿದ್ದಾರೆ. ಕ್ಲೋ ದ ವೂಜೋ ಎಂಬ, ಸುಮಾರು 50 ಹೆಕ್ಟೇರಿನ, ಒಂದೇ ಗೋಡೆಯೊಳಗಿನ ತೋಟಕ್ಕೆ ಸುಮಾರು 80 ಮಂದಿ ಒಡೆಯರು. ಜೋಸೆಫರ ಮಕ್ಕಳು ನೆಲವನ್ನು ಒಡೆಯಲಿಲ್ಲ. 1973ರಲ್ಲಿ ಅವರು ಕುಟುಂಬದ ಒಂದು ಸಂಸ್ಥೆಯನ್ನು ರಚಿಸಿಕೊಂಡು, ಭೂಮಿಯ ಬದಲು ಅದರ ಷೇರುಗಳನ್ನು ಹಂಚಿಕೊಂಡರು. ಪಾಲು ಎಲ್ಲರಿಗೂ ಸಿಕ್ಕಿತು. ಬೇಲಿ ಮಾತ್ರ ಏಳಲಿಲ್ಲ. ಆ ಕಾಲದಲ್ಲಿ ತೋಟವನ್ನು ನಡೆಸಿದವರು ವಿನ್ಸೆಂಟ್ ಮತ್ತು ಜೋ ಎಂಬ ಸಹೋದರರು.

ಅದು ರಸಗೊಬ್ಬರದ ಕಾಲವೂ ಹೌದು. ಯುದ್ಧಾನಂತರದ ದಶಕಗಳಲ್ಲಿ ಬರ್ಗಂಡಿಯ ತೋಟಗಳಿಗೆ ಪೊಟ್ಯಾಷ್ ಧಾರಾಳವಾಗಿ ಬಿತ್ತು, ಉಳುಮೆಯ ಜಾಗಕ್ಕೆ ಕಳೆನಾಶಕ ಬಂತು. ಮಣ್ಣಿನಲ್ಲಿ ಪೊಟ್ಯಾಷಿಯಂ ಮಿತಿಮೀರಿದರೆ ಹಣ್ಣಿನೊಳಗೂ ಅದು ಏರಿ, ರಸದ ಹುಳಿಯನ್ನು ತಗ್ಗಿಸುತ್ತದೆ. ಬಿಳಿ ದ್ರಾಕ್ಷಾರಸಕ್ಕೆ ಹುಳಿಯೇ ಬೆನ್ನೆಲುಬು. ಅದು ಕುಗ್ಗಿದರೆ ರಸ ಸಪ್ಪೆಯಾಗುತ್ತದೆ, ಬಹುಕಾಲ ಬಾಳುವುದೂ ಇಲ್ಲ. ಇಳುವರಿ ಹೆಚ್ಚಿದ್ದನ್ನು ಎಲ್ಲರೂ ಕಂಡರು. ಬುಡದಲ್ಲಿ ನಡೆಯುತ್ತಿದ್ದುದನ್ನು ಕಂಡವರು ವಿರಳ. ಕ್ಲೋದ್ ಮತ್ತು ಲಿದಿಯಾ ಬೂರ್ಗಿನ್ಯೋಂ ಎಂಬ ಮಣ್ಣುವಿಜ್ಞಾನಿ ದಂಪತಿ ಬರ್ಗಂಡಿಯ ದ್ರಾಕ್ಷಿ ತೋಟಗಳ ಮಣ್ಣಿನ ಜೀವಾಣುಗಳನ್ನು ಪರೀಕ್ಷಿಸಿ, ಕೆಲವೆಡೆ ಅಲ್ಲಿ ಸಹಾರಾ ಮರುಭೂಮಿಯ ಮರಳಿಗಿಂತಲೂ ಕಡಿಮೆ ಜೀವವಿದೆ ಎಂದು ಸಾರಿದರು. ಈ ಹೋಲಿಕೆ ಎಚ್ಚರಿಸುವುದಕ್ಕಾಗಿ ಆಡಿದ ಮಾತು, ತೂಕ ಹಾಕಿ ನೋಡಬೇಕಾದದ್ದು. ಆದರೂ ಜಗತ್ತಿಗೆ ಮಣ್ಣಿನ ಮಹಿಮೆಯನ್ನು ಬೋಧಿಸುತ್ತ ಬಂದ ನೆಲದಲ್ಲಿ ಆ ಮಾತು ಇರಿಯದೆ ಬಿಡಲಿಲ್ಲ.

1990ರಲ್ಲಿ ವಿನ್ಸೆಂಟರ ಮಗಳು ಆನ್-ಕ್ಲೋದ್ ಲಫ್ಲೇವ್ ತೋಟದ ಹೊಣೆ ಹೊತ್ತರು. ಮೊದಲ ಕೆಲವು ವರ್ಷ ಜೋ ಅವರ ಮಗ ಒಲಿವಿಯೇ ಜೊತೆಗಿದ್ದರು, 1994ರಿಂದ ಆಕೆಯೊಬ್ಬರೇ. ಅವರು ಕೈಗೊಂಡ ಕೆಲಸದಲ್ಲಿ ಮೆಚ್ಚಬೇಕಾದದ್ದು ಧೈರ್ಯಕ್ಕಿಂತ ಹೆಚ್ಚಾಗಿ ತಾಳ್ಮೆ. ಇಡೀ ತೋಟವನ್ನು ಒಂದೇ ದಿನದಲ್ಲಿ ಬದಲಿಸಲಿಲ್ಲ. 1990ರಲ್ಲಿ ಸುಮಾರು ಒಂದು ಹೆಕ್ಟೇರ್ ನೆಲವನ್ನು ಮಾತ್ರ ಪ್ರಯೋಗಕ್ಕೆ ಬಿಟ್ಟು, ಪಕ್ಕದ ನೆಲದ ಬಳ್ಳಿ, ಮಣ್ಣು, ರಸಗಳೊಡನೆ ಅದನ್ನು ವರ್ಷವರ್ಷವೂ ಹೋಲಿಸಿ ನೋಡಿದರು. ಪೂರ್ತಿ ತೋಟ ಹೊಸ ಕ್ರಮಕ್ಕೆ ಹೊರಳಿದ್ದು 1997ರಲ್ಲಿ. ನಡುವೆ ಏಳು ಬೆಳೆ ಕಳೆದಿದ್ದವು.

ಆ ಕ್ರಮದ ಹೆಸರು ಬಯೋಡೈನಮಿಕ್ ಕೃಷಿ. ಆಸ್ಟ್ರಿಯಾ ಮೂಲದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ರೈತರೆದುರು ನೀಡಿದ ಉಪನ್ಯಾಸಮಾಲೆ ಇದರ ಮೂಲ. ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲವಿಡೀ ನೆಲದಲ್ಲಿ ಹೂಳುತ್ತಾರೆ. ವಸಂತದಲ್ಲಿ ತೆಗೆದಾಗ ಅದು ಕಾಡಿನ ಮಣ್ಣಿನಂತೆ ಪರಿಮಳಿಸುತ್ತದೆ. ಒಂದು ಹೆಕ್ಟೇರಿಗೆ ಸುಮಾರು ನೂರು ಗ್ರಾಂನಷ್ಟನ್ನು ನೀರಿನಲ್ಲಿ ಹಾಕಿ, ಒಂದು ಗಂಟೆಯ ಕಾಲ ಬಲಕ್ಕೂ ಎಡಕ್ಕೂ ಸುಳಿ ಏಳುವಂತೆ ತಿರುವಿ, ನೆಲಕ್ಕೆ ಚಿಮುಕಿಸುತ್ತಾರೆ. ಎಲೆಗಳಿಗೆ ಬೆಣಚುಕಲ್ಲಿನ ನುಣುಪುಡಿಯ ದ್ರಾವಣ. ಮುಟ್ಟಿದರೆ ಉರಿಯೇಳುವ ನೆಟಲ್ ಎಂಬ ತುರಿಕೆಗಿಡದ ಕಷಾಯ, ಹಾರ್ಸ್‌ಟೇಲ್ ಎಂಬ ಜೊಂಡಿನಂಥ ಗಿಡದ ಕಷಾಯ. ಕೆಲಸಕ್ಕೆ ಚಂದ್ರನ ನಡೆ ನೋಡಿ ದಿನ ಗೊತ್ತುಪಡಿಸುವುದೂ ಉಂಟು.

ವಿದ್ಯಾರ್ಥಿಗಳು ಇಲ್ಲಿ ಪ್ರಶ್ನೆ ಕೇಳಬೇಕು. ಹೆಕ್ಟೇರಿಗೆ ನೂರು ಗ್ರಾಂ ಸಗಣಿ ಏನು ಮಾಡೀತು? ಗ್ರಹಗತಿಗೂ ಬೇರಿಗೂ ಏನು ಸಂಬಂಧ? ಇವುಗಳಿಗೆ ವಿಜ್ಞಾನ ಒಪ್ಪುವ ಸಾಕ್ಷ್ಯ ದೊರೆತಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಕ್ರಮದಲ್ಲಿ ಕಳೆನಾಶಕ ನಿಂತಿತು, ಕೃತಕ ಗೊಬ್ಬರ ನಿಂತಿತು, ಉಳುಮೆ ಮರಳಿತು, ಕಾಂಪೋಸ್ಟು ಬಂತು. ಎಲ್ಲಕ್ಕಿಂತ ಮಿಗಿಲಾಗಿ, ಬಳ್ಳಿಯ ಬಳಿಗೆ ಮನುಷ್ಯ ಪುನಃ ನಡೆದು ಹೋಗತೊಡಗಿದ. ಅಲ್ಲಿ ಒಂದು ಹೆಕ್ಟೇರಿಗೆ ಹತ್ತು ಸಾವಿರದಷ್ಟು ಬಳ್ಳಿಗಳಿರುತ್ತವೆ. ಅವುಗಳನ್ನು ಒಂದೊಂದಾಗಿ ನೋಡುವವನಿಗೆ ಕ್ಯಾಲೆಂಡರ್ ನೋಡಿ ಸಿಂಪಡಿಸುವವನಿಗಿಂತ ಮುಂಚೆ ರೋಗ ಕಾಣುತ್ತದೆ. ಪುಲಿನಿಯಲ್ಲಿ ಫಲ ಕೊಟ್ಟದ್ದು ಕೊಂಬೋ ಕಣ್ಣೋ ಎಂಬ ವಾದ ಮುಗಿಯುವಂಥದ್ದಲ್ಲ. ಲಫ್ಲೇವ್ ತೋಟದ ರಸ ಆ ಬಳಿಕವೂ ಜಗತ್ತಿನ ಅತ್ಯುತ್ತಮ ಬಿಳಿ ದ್ರಾಕ್ಷಾರಸಗಳ ಸಾಲಿನಲ್ಲೇ ಉಳಿಯಿತು. ಬರ್ಗಂಡಿಯ ಹಲವರು ಅದೇ ಹಾದಿ ಹಿಡಿದರು. 2008ರಲ್ಲಿ ಆನ್-ಕ್ಲೋದ್ ತಮ್ಮ ಹಳ್ಳಿಯಲ್ಲೇ ಮಣ್ಣು ಮತ್ತು ದ್ರಾಕ್ಷಾರಸಗಳ ಕುರಿತ ಒಂದು ಶಾಲೆಯನ್ನೂ ತೆರೆದರು. 2015ರಲ್ಲಿ, 59ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಅನಂತರ ಹೊಣೆ ಹೊತ್ತವರು ಜೋಸೆಫರ ಮರಿಮಗ ಬ್ರೀಸ್ ದ ಲಾ ಮೊರಾಂದಿಯೇರ್.

ರಸ ತಯಾರಾಗುವ ಬಗೆಯನ್ನು ಚುಟುಕಾಗಿ ಹೇಳಬಹುದು. ಹಣ್ಣನ್ನು ಕೈಯಿಂದಲೇ ಕೊಯ್ದು, ಹಿಂಡಿ, 228 ಲೀಟರಿನ ಓಕ್ ಮರದ ಪೀಪಾಯಿಗಳಲ್ಲಿ ಹುಳಿಯಲು ಬಿಡುತ್ತಾರೆ. ಒಂದು ವರ್ಷ ಪೀಪಾಯಿಯಲ್ಲಿ, ಎರಡನೆಯ ಚಳಿಗಾಲ ತೊಟ್ಟಿಯಲ್ಲಿ. ಹೊಸ ಪೀಪಾಯಿಗಳನ್ನು ಮಿತವಾಗಿ ಬಳಸುತ್ತಾರೆ, ಮರದ ವಾಸನೆ ಮಣ್ಣಿನ ಗುಣವನ್ನು ಮುಚ್ಚಬಾರದೆಂದು. ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಿಳಿಯಬಾರದು. 1990ರ ದಶಕದ ಮಧ್ಯದಿಂದ ಬರ್ಗಂಡಿಯ ಬಿಳಿ ರಸಗಳನ್ನೆಲ್ಲ ಒಂದು ಪೀಡೆ ಕಾಡಿತು: ಇಪ್ಪತ್ತು ವರ್ಷ ಬಾಳಬೇಕಾದ ಸೀಸೆಗಳು ಏಳೆಂಟು ವರ್ಷಕ್ಕೇ ಗಾಳಿ ತಗುಲಿದಂತೆ ಕಂದುಬಣ್ಣಕ್ಕೆ ತಿರುಗಿದವು. ಕಾರಣ ಒಂದೇ ಅಲ್ಲವೆಂದು ತಜ್ಞರ ಅಭಿಪ್ರಾಯ. ಬಿರಡೆಯ ಮೇಲೂ ಸಂಶಯ ಬಿತ್ತು. ಲಫ್ಲೇವ್ ತೋಟ 2014ರ ಬೆಳೆಯಿಂದ ಸಾಂಪ್ರದಾಯಿಕ ಬೆಂಡಿನ ಬಿರಡೆಯನ್ನು ಕೈಬಿಟ್ಟು, ಬೆಂಡಿನ ಪುಡಿಯನ್ನು ಶುದ್ಧಿಗೊಳಿಸಿ ಅಚ್ಚೊತ್ತಿದ ಬಿರಡೆಗೆ ಬದಲಾಯಿಸಿತು. ಹಳತಿನ ಮೇಲಿನ ಅಭಿಮಾನ ಅದಕ್ಕೆ ಅಡ್ಡಿಯಾಗಲಿಲ್ಲ.

ಇನ್ನು ಮೈಲುತುತ್ತದ ವಿಚಾರ. ಇದೇ ಈ ಮಾತಿನ ತಿರುಳು.

ಬೇರಿನ ಹೇನಿಗೆ ಪರಿಹಾರ ಸಿಗುವಷ್ಟರಲ್ಲಿ, 1878ರ ಸುಮಾರಿಗೆ, ಅಮೆರಿಕದಿಂದಲೇ ಇನ್ನೊಂದು ಮಾರಿ ಫ್ರಾನ್ಸಿಗೆ ಬಂತು: ದ್ರಾಕ್ಷಿಯ ಎಲೆಯಡಿಯಲ್ಲಿ ಬಿಳಿ ಬೂಜು ಕಟ್ಟಿ ಎಲೆ, ಕಾಯಿ ಉದುರಿಸುವ ಬೂಜು ತುಪ್ಪಟ ರೋಗ. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ದೆ ಆ ಸೀಮೆಯ ಒಂದು ತೋಟದ ಬದಿಯಲ್ಲಿ ಹೋಗುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡರು. ದಾರಿಯಂಚಿನ ಸಾಲಿನಲ್ಲಿ ಮಾತ್ರ ಎಲೆಗಳು ಹಸಿರಾಗಿ ಉಳಿದಿದ್ದವು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕದಿಯದಂತೆ ಹೆದರಿಸಲು ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿದದ್ದೆಂದು ತಿಳಿಯಿತು. ಕಳ್ಳರಿಗೆಂದು ಬಳಿದದ್ದು ರೋಗವನ್ನು ತಡೆದಿತ್ತು. 1885ರಲ್ಲಿ ಅವರು ಈ ಮಿಶ್ರಣವನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ಅದು ಕನ್ನಡದ ಮಲೆನಾಡಿಗೆ ಬಂದದ್ದು ಕಾಲು ಶತಮಾನದ ಅನಂತರ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು, ಗೊನೆಗಳಿಗೆ ಬೋರ್ಡೋ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದುದನ್ನು ಹಿರಿಯರು ಬಲ್ಲರು. ದ್ರಾಕ್ಷಿಯ ಬೂಜು ತುಪ್ಪಟಕ್ಕೂ ಅಡಿಕೆಯ ಕೊಳೆಗೂ ಕಾರಣವಾದ ಜೀವಿಗಳು ಹತ್ತಿರದ ಸಂಬಂಧಿಗಳು. ಎರಡೂ ನಿಜವಾದ ಶಿಲೀಂಧ್ರಗಳಲ್ಲ, ನೀರನ್ನು ಆಶ್ರಯಿಸಿದ ಬೇರೊಂದು ವರ್ಗದವು. ಪುಲಿನಿಯ ಬೆಳೆಗಾರ ಮೇ ತಿಂಗಳ ಜಡಿಮಳೆಗೆ ಮುಗಿಲು ನೋಡುವುದೂ ಶೃಂಗೇರಿಯ ತೋಟಿಗ ಆಷಾಢದಲ್ಲಿ ಕೊನೆಗಾರನಿಗಾಗಿ ಕಾಯುವುದೂ ಒಂದೇ ಕುಲದ ಶತ್ರುವಿನ ಕಾರಣದಿಂದ.

ಕೃತಕ ವಿಷಗಳನ್ನೆಲ್ಲ ಬಿಟ್ಟ ಪುಲಿನಿಯ ಬೆಳೆಗಾರರು ಇದೊಂದನ್ನು ಮಾತ್ರ ಬಿಡಲಾಗಲಿಲ್ಲ. ಸಾವಯವ ಕೃಷಿಯ ನಿಯಮಗಳು ತಾಮ್ರವನ್ನು ಅನುಮತಿಸುತ್ತವೆ. ಬೂಜು ತುಪ್ಪಟಕ್ಕೆ ಅದರಷ್ಟು ಸಮರ್ಥವಾದ ಬೇರೆ ಮದ್ದು ಸಾವಯವದವರ ಕೈಯಲ್ಲಿಲ್ಲ. ಆದರೆ ತಾಮ್ರ ಒಂದು ಮೂಲಧಾತು. ಎಲೆಯಂತೆ ಕೊಳೆಯುವುದಿಲ್ಲ, ಕೀಟನಾಶಕದಂತೆ ಕಾಲಾಂತರದಲ್ಲಿ ವಿಘಟಿಸುವುದೂ ಇಲ್ಲ. ಮಳೆಗೆ ತೊಳೆದು ನೆಲಕ್ಕಿಳಿದದ್ದು ಮೇಲ್ಮಣ್ಣಿನ ಜೇಡಿಗೂ ಸಸ್ಯಾಂಶಕ್ಕೂ ಅಂಟಿಕೊಂಡು ಅಲ್ಲಿಯೇ ಕೂಡುತ್ತ ಹೋಗುತ್ತದೆ. ಪ್ರಮಾಣ ಮೀರಿದಾಗ ಎರೆಹುಳುಗಳಿಗೂ ಸೂಕ್ಷ್ಮಜೀವಿಗಳಿಗೂ ಅದು ವಿಷ. ಯೂರೋಪಿನ ಮಣ್ಣುಗಳ ಸಮೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು: ಮೇಲ್ಮಣ್ಣಿನ ತಾಮ್ರ ಸರಾಸರಿ ಒಂದು ಕಿಲೋಗ್ರಾಂಗೆ ಸುಮಾರು 17 ಮಿಲಿಗ್ರಾಂ ಇದ್ದರೆ, ದ್ರಾಕ್ಷಿ ತೋಟಗಳಲ್ಲಿ ಅದು ಸುಮಾರು 49. ಒಂದು ಶತಮಾನಕ್ಕೂ ಮಿಕ್ಕ ಕಾಲ ಸಿಂಪಡಿಸಿದ್ದು ಹಾಗೆಯೇ ಕುಳಿತಿದೆ. ಎರೆಹುಳುವನ್ನು ಮರಳಿ ಕರೆಯಲು ಹೊರಟವರ ಕೈಯಲ್ಲೇ ಎರೆಹುಳುವಿನ ವಿಷ ಇರುವ ಈ ಸಂಕಟವನ್ನು ಸಾವಯವದ ಪ್ರಚಾರ ಪತ್ರಿಕೆಗಳು ಹೆಚ್ಚಾಗಿ ಬರೆಯುವುದಿಲ್ಲ.

ಯೂರೋಪಿನ ಒಕ್ಕೂಟ ಇದಕ್ಕೆ ಮಿತಿ ಹಾಕಿತು. ಮೊದಲು ಸಾವಯವದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ ಆರು ಕಿಲೋ ತಾಮ್ರಕ್ಕೆ ಅವಕಾಶವಿತ್ತು. 2019ರಲ್ಲಿ ಜಾರಿಗೆ ಬಂದ ನಿಯಮ ಅದನ್ನು ಏಳು ವರ್ಷಕ್ಕೆ ಒಟ್ಟು 28 ಕಿಲೋಗೆ, ಅಂದರೆ ವರ್ಷಕ್ಕೆ ಸರಾಸರಿ ನಾಲ್ಕು ಕಿಲೋಗೆ ಇಳಿಸಿತು. ಇದು ತಾಮ್ರ ಲೋಹದ ಲೆಕ್ಕ. ಮೈಲುತುತ್ತದಲ್ಲಿ ತಾಮ್ರ ಇರುವುದು ಸುಮಾರು ನಾಲ್ಕನೆಯ ಒಂದು ಪಾಲು. ಆದ್ದರಿಂದ ನಾಲ್ಕು ಕಿಲೋ ತಾಮ್ರವೆಂದರೆ ಹೆಕ್ಟೇರಿಗೆ 16 ಕಿಲೋ ಮೈಲುತುತ್ತ, ಎಕರೆಗೆ ಸುಮಾರು ಆರೂವರೆ ಕಿಲೋ. ನೂರು ಲೀಟರಿಗೆ ಒಂದು ಕಿಲೋ ಎಂಬ ರೂಢಿಯ ಅಳತೆಯಲ್ಲಿ ಎಕರೆಗೆ ವರ್ಷಕ್ಕೆ ಎಷ್ಟು ಬ್ಯಾರಲ್ ಖರ್ಚಾಗುತ್ತದೆಂದು ಇಲ್ಲಿ ಕುಳಿತ ಪ್ರತಿಯೊಬ್ಬ ತೋಟಿಗರೂ ಲೆಕ್ಕ ಹಾಕಿಕೊಳ್ಳಬಹುದು.

ಇನ್ನೂ ಒಂದು ಸಂಗತಿ ಇದೆ. ಪುಲಿನಿಯದು ಸುಣ್ಣಕಲ್ಲಿನ ಮಣ್ಣು, ಕ್ಷಾರಗುಣದ್ದು. ಅಲ್ಲಿ ತಾಮ್ರ ಬಹುಪಾಲು ಬಂಧಿತವಾಗಿ ಕೂರುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿಗುಣದ್ದು. ಹುಳಿಮಣ್ಣಿನಲ್ಲಿ ಅದೇ ತಾಮ್ರ ಹೆಚ್ಚು ಸಡಿಲವಾಗಿ ಕರಗಿ ಬೇರಿಗೂ ಜೀವಿಗಳಿಗೂ ಸುಲಭವಾಗಿ ತಗುಲುತ್ತದೆ. ಆದ್ದರಿಂದ ಫ್ರಾನ್ಸಿನ ಮಿತಿ ಅಲ್ಲಿಗೆ ಸಾಲುತ್ತದೆಂದ ಮಾತ್ರಕ್ಕೆ ಇಲ್ಲಿಗೂ ಸಾಲುತ್ತದೆಂದು ಹೇಳಲಾಗದು. ಕೊಳೆಗೆ ಮದ್ದು ಬಿಡಿ ಎಂದು ತೋಟಿಗರಿಗೆ ಹೇಳುವುದು ಎಷ್ಟು ಹೊಣೆಗೇಡಿತನವೋ, ಮಣ್ಣಿನ ತಾಮ್ರವನ್ನು ಅಳೆಯಿಸದೆ ಇರುವುದೂ ಅಷ್ಟೇ. ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಜೊತೆಗೆ ತಾಮ್ರದ ಅಂಕಿಯನ್ನೂ ಕೇಳಿ ಪಡೆಯುವುದು ಕಷ್ಟದ ಕೆಲಸವೇನಲ್ಲ.

ತಾಮ್ರದ ಬದಲಿಗೆ ದಾರಿಯೇ ಇಲ್ಲವೆಂದೇನೂ ಅಲ್ಲ. ಫ್ರಾನ್ಸಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ರೋಗ ತಾಳಿಕೊಳ್ಳುವ ದ್ರಾಕ್ಷಿ ತಳಿಗಳನ್ನು ರೂಪಿಸಿದ್ದು, ಅವುಗಳಲ್ಲಿ ಫ್ಲೋರಿಯಲ್, ವೋಲ್ಟಿಸ್ ಮುಂತಾದ ನಾಲ್ಕು 2018ರಲ್ಲಿ ಅಧಿಕೃತ ಪಟ್ಟಿ ಸೇರಿದವು. ಆದರೆ ಮೋನ್ರಾಶೆ ಎಂಬ ಹೆಸರು ಶಾರ್ಡನೇಗೆ ಮಾತ್ರ ಮೀಸಲು. ಬೇರೆ ತಳಿ ನೆಟ್ಟವನು ಆ ಹೆಸರನ್ನು ಬಳಸುವಂತಿಲ್ಲ. ಮಣ್ಣನ್ನು ಕಾಯುವ ನಿಯಮವೂ ಹೆಸರನ್ನು ಕಾಯುವ ನಿಯಮವೂ ಹೀಗೆ ಒಂದೇ ಹೊಲದಲ್ಲಿ ಎದುರುಬದುರಾಗಿ ನಿಂತಿವೆ.

ಹವೆಯೂ ಹಿಂದಿನಂತಿಲ್ಲ. ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲು ಆರಂಭವಾದ ದಿನಗಳ ದಾಖಲೆ 1354ರಿಂದ ದೊರೆಯುತ್ತದೆ. 2019ರಲ್ಲಿ ಪ್ರಕಟವಾದ ಅದರ ಅಧ್ಯಯನದ ಪ್ರಕಾರ, 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ಕ್ಕೆ ಮೊದಲಾಗುತ್ತಿದ್ದುದು, 1988ರಿಂದೀಚೆಗೆ ಸರಾಸರಿ 13 ದಿನ ಮುಂಚೆ ಮೊದಲಾಗುತ್ತಿದೆ. ಆರುನೂರು ವರ್ಷ ಹೆಚ್ಚುಕಡಿಮೆ ಒಂದೆಡೆ ನಿಂತ ತಿಥಿ ಒಂದೇ ತಲೆಮಾರಿನಲ್ಲಿ ಜರುಗಿತು. ಚಳಿಗಾಲ ಬೆಚ್ಚಗಾದರೆ ಚಿಗುರು ಬೇಗ ಬರುತ್ತದೆ. ಬೇಗ ಬಂದ ಚಿಗುರು ಏಪ್ರಿಲ್ಲಿನ ಹಿಮಗಟ್ಟುವ ಚಳಿಗೆ ಸಿಕ್ಕಿಬೀಳುತ್ತದೆ. 2016ರ ಏಪ್ರಿಲ್ ಕೊನೆಯಲ್ಲಿ ಅಂಥದೊಂದು ರಾತ್ರಿ ಕಳೆದು ಬೆಳಗಿನ ಬಿಸಿಲು ಬಿದ್ದಾಗ, ಎಂದೂ ಚಳಿಗೆ ಬಾಡದ ಮೋನ್ರಾಶೆಯ ಚಿಗುರುಗಳೂ ಸುಟ್ಟುಹೋದವು.

ಲಫ್ಲೇವ್ ಕುಟುಂಬಕ್ಕೆ ಮೋನ್ರಾಶೆಯಲ್ಲಿರುವುದು 1991ರಲ್ಲಿ ಕೊಂಡ 0.08 ಹೆಕ್ಟೇರ್, ಅಂದರೆ ಸುಮಾರು ಎಂಟು ಗುಂಟೆ. ಒಳ್ಳೆಯ ವರ್ಷದಲ್ಲಿ ಒಂದು ಪೀಪಾಯಿಯಷ್ಟು ರಸ. ಆ ವರ್ಷ ಅದೂ ತುಂಬುವಂತಿರಲಿಲ್ಲ; ಇತರ ಒಡೆಯರದೂ ಅದೇ ಪಾಡು. ಬೆಲೆಯಲ್ಲೂ ಕೀರ್ತಿಯಲ್ಲೂ ಪರಸ್ಪರ ಸ್ಪರ್ಧಿಗಳಾದ ಏಳು ಒಡೆತನಗಳವರು ಅಂದು ತಮ್ಮ ತಮ್ಮ ಬುಟ್ಟಿಯ ಹಣ್ಣನ್ನು ಒಟ್ಟುಗೂಡಿಸಿದರು. ಎಲ್ಲವನ್ನೂ ಲಫ್ಲೇವ್ ಮನೆಯಲ್ಲಿ ಒಟ್ಟಿಗೆ ಹಿಂಡಲಾಯಿತು. ದೊರೆತದ್ದು ಎರಡು ಪೀಪಾಯಿ, ಸುಮಾರು 600 ಸೀಸೆ. ಅದನ್ನು ‘ಏಳು ಒಡೆತನಗಳ ಕೊಯ್ಲು’ ಎಂಬ ಅರ್ಥದ ಹೆಸರಿನಿಂದಲೇ ಹೊರತಂದರು. ತಲೆಮಾರುಗಳಿಂದ ಗಡಿಕಲ್ಲು ಎಣಿಸುತ್ತ ಬಂದ ಗುಡ್ಡದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಕುಟುಂಬದ ಕೃಷಿಯನ್ನು ಚಳಿಗಿಂತ ಹೆಚ್ಚಾಗಿ ಬೆದರಿಸುತ್ತಿರುವುದು ಭೂಮಿಯ ಬೆಲೆ. ಬರ್ಗಂಡಿಯ ಅತ್ಯುನ್ನತ ದರ್ಜೆಯ ಹೊಲಗಳು ಹೆಕ್ಟೇರಿಗೆ ಹಲವು ದಶಲಕ್ಷ ಯೂರೋಗಳಿಗೆ ಮಾರಾಟವಾಗುತ್ತವೆ. ಹಿರಿಯರು ತೀರಿಕೊಂಡಾಗ ವಾರಸುದಾರರು ತೆರಿಗೆ ಕಟ್ಟಬೇಕಾದದ್ದು ಆ ಬೆಲೆಯ ಮೇಲೆ. ಬೆಳೆಯಿಂದ ಬರುವ ಆದಾಯಕ್ಕೂ ಅದಕ್ಕೂ ತಾಳೆಯಿಲ್ಲ. ಷೇರು ಹೊಂದಿದ ಸೋದರಸಂಬಂಧಿಗಳಲ್ಲಿ ಒಬ್ಬರು ಮಾರಲು ಬಯಸಿದರೂ ಉಳಿದವರು ಕೊಳ್ಳಲಾರರು. ಆಗ ಬರುವವರು ವಿಲಾಸ ವಸ್ತುಗಳ ಉದ್ಯಮಿಗಳು. 2014ರಲ್ಲಿ ಕ್ಲೋ ದೆ ಲಾಂಬ್ರೇ, 2017ರಲ್ಲಿ ಕ್ಲೋ ದ ತಾರ್ ಎಂಬ ಹೆಸರಾಂತ ತೋಟಗಳು ಹಾಗೆಯೇ ಕೈಬದಲಾದವು. ಕೃಷಿಭೂಮಿ ಮಾರಾಟದಲ್ಲಿ ಮಧ್ಯೆ ಪ್ರವೇಶಿಸಿ ರೈತರಿಗೆ ಮೊದಲ ಅವಕಾಶ ದೊರಕಿಸಲೆಂದು ಫ್ರಾನ್ಸ್ 1960ರ ಕಾನೂನಿನಲ್ಲೇ ಸಂಸ್ಥೆಗಳನ್ನು ರಚಿಸಿದೆ. ಇಂಥ ಮೊತ್ತದೆದುರು ಅವುಗಳ ಶಕ್ತಿಯೂ ಸಾಲದು. ಒಂದು ಹೆಕ್ಟೇರನ್ನು ಪ್ರಯೋಗಕ್ಕೆ ಬಿಟ್ಟು ಏಳು ವರ್ಷ ಕಾಯುವ ತಾಳ್ಮೆ, ಪ್ರತಿವರ್ಷ ಲಾಭದ ಪಟ್ಟಿ ಕೇಳುವ ಒಡೆಯನಿಗೆ ಇರುತ್ತದೆಯೇ ಎಂಬುದು ಅಲ್ಲಿಯ ಸಣ್ಣ ಬೆಳೆಗಾರರ ಆತಂಕ. ದೊಡ್ಡ ಬಂಡವಾಳದವರೂ ಸಾವಯವಕ್ಕೆ ಹೊರಳಿದ ಉದಾಹರಣೆಗಳಿವೆ, ಅದನ್ನೂ ಹೇಳಬೇಕು. ಆದರೆ ಕೂಲಿಗೆ ಬಂದು ನೋಡುವ ಕಣ್ಣಿಗೂ, ಅಜ್ಜ ನೆಟ್ಟ ಬಳ್ಳಿಯನ್ನು ನೋಡುವ ಕಣ್ಣಿಗೂ ಅಂತರವಿದ್ದೇ ಇದೆ.

2024ರ ಬೇಸಗೆ ಬರ್ಗಂಡಿಯಲ್ಲಿ ಎಡೆಬಿಡದೆ ಮಳೆ ಹಿಡಿಯಿತು. ಬೂಜು ತುಪ್ಪಟ ರೋಗ ಹಲವು ತೋಟಗಳ ಬೆಳೆಯ ಬಹುಪಾಲನ್ನು ನುಂಗಿತು. ಸಿಂಪಡಿಸಿದ ತಾಮ್ರ ಪ್ರತಿ ಜಡಿಮಳೆಗೂ ತೊಳೆದುಹೋಗಿ, ಸಾವಯವ ಬೆಳೆಗಾರರು ಮತ್ತೆ ಮತ್ತೆ ಪಂಪು ಹೊತ್ತರು. ಏಳು ವರ್ಷಕ್ಕೆ 28 ಕಿಲೋ ಎಂಬ ಲೆಕ್ಕದ ಆರನೆಯ ವರ್ಷ ಅದು. ಮಳೆ ಬಿಟ್ಟ ಸಂಜೆಗಳಲ್ಲಿ ಅವರು ಪುಸ್ತಕ ತೆರೆದು, ಐದು ವರ್ಷ ಬಳಸಿದ್ದೆಷ್ಟು, ಉಳಿದದ್ದೆಷ್ಟು ಎಂದು ಗ್ರಾಂ ಗ್ರಾಂ ಕೂಡಿಸಬೇಕಾಯಿತು. ಮುಂದಿನ ವರ್ಷಕ್ಕೆ ಎಷ್ಟನ್ನು ಉಳಿಸಿಕೊಳ್ಳಬೇಕೆಂಬುದನ್ನು ಮಳೆ ಹೇಳುವಂತಿರಲಿಲ್ಲ.